ದಿನಾ 80 ಕಿಲೋಮೀಟರ್ ಓಡಿಸೋರಿಗೆ ಯಾವ ಬೈಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾಬಸ್‌ಪೇಟೆಯಿಂದ ಪೀಣ್ಯಕ್ಕೆ ಬೈಕಿನಲ್ಲೇ ಕೆಲಸಕ್ಕೆ ಹೋಗುವವನು. ಹೋಗೋಕೆ ಹೆಚ್ಚುಕಡಿಮೆ 40 ಕಿ.ಮೀ., ಬರೋಕೆ 40. ತಿಂಗಳಿಗೆ 25 ದಿನ ಅಂದರೆ 2,000 ಕಿ.ಮೀ., ವರ್ಷಕ್ಕೆ 24,000. ಮೊದಲು 100 ಸಿಸಿ ಗಾಡಿ ಇತ್ತು, ಈಗ 160 ಸಿಸಿ. ಕಾರ್ಖಾನೆಯಲ್ಲಿ ಯಾರಾದರೂ ಹೊಸ ಗಾಡಿ ತಗೊಳ್ಳೋಕೆ ಹೊರಟರೆ ಟೀ ಹೊತ್ತಿಗೆ ನನ್ನ ಪಕ್ಕ ಬಂದು ಕೂರುತ್ತಾರೆ. ಕೇಳುವುದು ಇವೇ ಪ್ರಶ್ನೆಗಳು.

100 ಸಿಸಿ ಸಾಕಾ, ದೊಡ್ಡದು ಬೇಕಾ?

ಎಷ್ಟು ಕಿಲೋಮೀಟರ್ ಅನ್ನುವುದಕ್ಕೆ ಮೊದಲು ಯಾವ ದಾರಿ ಅಂತ ಹೇಳಿ. ಹಳ್ಳಿಯಿಂದ ತಾಲ್ಲೂಕಿಗೆ ಹೋಗುವ ರಸ್ತೆ, ಮೈಲಿಗೊಂದು ಊರು, ಊರಿಗೆರಡು ಹಂಪು, ವೇಗ 50 ದಾಟಲ್ಲ ಅನ್ನುವುದಾದರೆ 100 ಸಿಸಿಗಿಂತ ಒಳ್ಳೆ ಗಾಡಿ ಇಲ್ಲ. ಅಂಥ ದಾರಿಯಲ್ಲಿ ದಿನಾ 80 ಕಿ.ಮೀ. ಹೋದರೂ ಅದು ಬೇಜಾರು ಮಾಡಿಕೊಳ್ಳಲ್ಲ.

ಹೈವೇ ಆದರೆ ಕಥೆ ಬೇರೆ. ಹೀರೊ ಸ್ಪ್ಲೆಂಡರ್ ಪ್ಲಸ್ ತಗೊಳ್ಳಿ: 97.2 ಸಿಸಿ, ಸುಮಾರು 8 ಕುದುರೆ ಶಕ್ತಿ, ನಾಲ್ಕೇ ಗೇರು, ತೂಕ 112 ಕಿಲೋ. ಮೀಟರಿನಲ್ಲಿ 80 ತೋರಿಸುತ್ತದೆ, ಸುಳ್ಳಲ್ಲ. ಆದರೆ 80ಕ್ಕೆ ಮುಟ್ಟಲು ಅದು ತಗೊಳ್ಳುವ ಹೊತ್ತು ಇದೆಯಲ್ಲ, ಅಲ್ಲಿದೆ ತೊಂದರೆ. ತುಮಕೂರು ರಸ್ತೆಯಲ್ಲಿ ಲಾರಿಗಳು 60ರಲ್ಲಿ ಹೋಗುತ್ತಿರುತ್ತವೆ. ಅದರ ಹಿಂದೆಯೇ ಹೊಗೆ ಕುಡಿಯುತ್ತಾ ಹೋಗಬೇಕು, ಇಲ್ಲಾ ಓವರ್‌ಟೇಕ್ ಮಾಡಬೇಕು. ಫ್ಲೈಓವರ್ ಏರುವಾಗ ಒಮ್ಮೆ ಹೀಗೇ ಬಲಕ್ಕೆ ಬಂದೆ. ಎಕ್ಸಲೇಟರ್ ಪೂರ್ತಿ ತಿರುಗಿಸಿದ್ದೇನೆ, ಗಾಡಿ ಕಿರುಚುತ್ತಿದೆ, ಮುಂದೆ ಮಾತ್ರ ಹೋಗ್ತಿಲ್ಲ. ಎಡಕ್ಕೆ ನನ್ನ ಮೊಣಕಾಲಿನ ಎತ್ತರಕ್ಕೆ ಲಾರಿ ಚಕ್ರ, ಹಿಂದೆ ಲೈಟ್ ಮಿಣುಕಿಸುತ್ತಾ ಬರುವ ಬಸ್ಸು. ಆ ಲಾರಿ ದಾಟಲು ಹತ್ತು ಸೆಕೆಂಡ್ ಹಿಡಿದಿರಬಹುದು. ನನಗೆ ಹತ್ತು ನಿಮಿಷದ ಹಾಗಿತ್ತು.

ನನ್ನ ಲೆಕ್ಕ ಇಷ್ಟು. ಎಂಜಿನ್ ಆರಾಮಾಗಿ, ಕೂಗಾಡದೆ, ದಿನಾ ಓಡುವ ವೇಗ 100 ಸಿಸಿಗೆ 55–60. 125ಕ್ಕೆ 65–70. 150–160ಕ್ಕೆ 80. ನಿಮ್ಮ ದಾರಿಯಲ್ಲಿ ಬೇರೆ ವಾಹನಗಳು ಹೋಗುವ ವೇಗ ನೋಡಿ, ಅದಕ್ಕಿಂತ ಹತ್ತು ಜಾಸ್ತಿ ಸುಲಭವಾಗಿ ಹೋಗುವ ಗಾಡಿ ತಗೊಳ್ಳಿ. ಆ ಹತ್ತು ಇರುವುದು ವೇಗವಾಗಿ ಹೋಗೋಕಲ್ಲ, ತಪ್ಪಿಸಿಕೊಳ್ಳೋಕೆ.

ದೊಡ್ಡ ಗಾಡಿ ಅಂದ್ರೆ ಪೆಟ್ರೋಲಿಗೇ ಸಂಬಳ ಹೋಗಲ್ವಾ?

ಪೆನ್ನು ಪೇಪರ್ ಹಿಡಿಯಿರಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ತಿಂಗಳಿಗೆ 2,000 ಕಿ.ಮೀ. ಅಂತ ಇಟ್ಟುಕೊಳ್ಳೋಣ. 100 ಸಿಸಿ ಗಾಡಿ ಲೀಟರಿಗೆ 65 ಕಿ.ಮೀ. ಕೊಟ್ಟರೆ ಸುಮಾರು 3,170 ರೂಪಾಯಿ. 125 ಸಿಸಿ 55 ಕೊಟ್ಟರೆ 3,750. 160 ಸಿಸಿ 45 ಕೊಟ್ಟರೆ 4,580. 350 ಸಿಸಿ 33 ಕೊಟ್ಟರೆ 6,240.

100ಕ್ಕೂ 125ಕ್ಕೂ ಇರುವ ಅಂತರ ತಿಂಗಳಿಗೆ 600 ರೂಪಾಯಿಯೂ ಇಲ್ಲ. ದಿನಕ್ಕೆ ಲೆಕ್ಕ ಹಾಕಿದರೆ ಒಂದು ಪ್ಲೇಟ್ ಇಡ್ಲಿಗಿಂತ ಕಮ್ಮಿ. 100ರಿಂದ 160ಕ್ಕೆ ಹೋದರೆ 1,400 ಜಾಸ್ತಿ, ವರ್ಷಕ್ಕೆ 17,000ದ ಹತ್ತಿರ. ಇದು ಸಣ್ಣ ದುಡ್ಡಲ್ಲ, ಒಪ್ಪುತ್ತೇನೆ. ಮನೆಯಲ್ಲಿ ಒಬ್ಬರದೇ ಸಂಬಳ, ಮಕ್ಕಳ ಫೀಸು ಇದೆ ಅಂದರೆ 125ಕ್ಕೇ ನಿಲ್ಲಿಸಿ. ಸುಮ್ನೆ ಪಕ್ಕದ ಮನೆಯವನು ತಗೊಂಡ ಅಂತ ಮೇಲಕ್ಕೆ ಹೋಗಬೇಡಿ.

ಕಂಪನಿ ಹೇಳಿದ ಮೈಲೇಜ್ ನಿಜಕ್ಕೂ ಬರುತ್ತಾ?

ಬರಲ್ಲ. ಅದು ಪರೀಕ್ಷಾ ಕೋಣೆಯ ಲೆಕ್ಕ, ಅಲ್ಲಿ ನೆಲಮಂಗಲ ಜಂಕ್ಷನ್ ಇರಲ್ಲ.

ನಿಮ್ಮ ಗಾಡಿಯದ್ದು ತಿಳಿಯಬೇಕಾದರೆ ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದಿಟ್ಟುಕೊಳ್ಳಿ. 400–500 ಕಿ.ಮೀ. ಓಡಿಸಿ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ನಡುವೆ ಎಷ್ಟು ಸಲ ಹಾಕಿಸಿದರೂ ಎಲ್ಲಾ ಲೀಟರ್ ಕೂಡಿಸಿ, ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿ. 200 ರೂಪಾಯಿಗೆ ಹಾಕಿಸಿ ಎಷ್ಟು ದೂರ ಬಂತು ಅಂತ ನೋಡುವುದು ಲೆಕ್ಕವೇ ಅಲ್ಲ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಅದಕ್ಕೇ ಮೈಲೇಜೂ ಸ್ವಲ್ಪ ಇಳಿಯುತ್ತದೆ. 2023ರ ಏಪ್ರಿಲ್ ನಂತರದ ಗಾಡಿಗಳನ್ನು ಇದಕ್ಕೆ ಹೊಂದುವ ಹಾಗೆ ಮಾಡಿರುತ್ತಾರೆ. ಅದಕ್ಕಿಂತ ಹಳೆಯದಾದರೆ ಪೆಟ್ರೋಲ್ ಪೈಪು, ರಬ್ಬರ್ ಭಾಗಗಳನ್ನು ಸರ್ವಿಸ್ ಹೊತ್ತಲ್ಲಿ ನೋಡಿಸಿ.

ಇನ್ನೊಂದು ಮಾತು. 2020ರ ಬಿಎಸ್6 ಹೊಗೆ ನಿಯಮದ ನಂತರ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಅದನ್ನು ತಂಪಾಗಿಡುವುದೂ ಆ ಪೆಟ್ರೋಲೇ. ಮೊದಲಿನ ಹಾಗೆ ರಿಸರ್ವಿನಲ್ಲೇ ವಾರ ತಳ್ಳುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಬೆನ್ನು ನೋವು ಬರದ ಗಾಡಿ ಯಾವುದು?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದು, ಮೊದಲು ಕೇಳಬೇಕಾದ್ದು. ಒಂದು ಗಂಟೆ ಹದಿನೈದು ನಿಮಿಷ ಹೋಗಿ, ಎಂಟು ಗಂಟೆ ನಿಂತು ಕೆಲಸ ಮಾಡಿ, ಮತ್ತೆ ಒಂದೂವರೆ ಗಂಟೆ ವಾಪಸ್. ವಾರ ಕಳೆಯುವಷ್ಟರಲ್ಲಿ ಮೈ ಎಲ್ಲಾ ಲೆಕ್ಕ ಒಪ್ಪಿಸುತ್ತದೆ.

ನೋಡಬೇಕಾದ್ದು ಮೂರು ಜಾಗ: ಕೂರುವ ಜಾಗ, ಕೈ ಇಡುವ ಜಾಗ, ಕಾಲು ಇಡುವ ಜಾಗ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಿಚಿರಬೇಕು, ಬೆನ್ನು ನೆಟ್ಟಗಿರಬೇಕು. ಅಂಗೈ ಮೇಲೆ ಮೈಭಾರ ಬೀಳುತ್ತಿದೆ ಅನ್ನಿಸಿದರೆ ಆ ಗಾಡಿ ಬೇಡ. ಸ್ಪೋರ್ಟ್ಸ್ ಬೈಕ್ ಥರ ಹ್ಯಾಂಡಲ್ ತಗ್ಗಿಸಿ, ಫುಟ್‌ರೆಸ್ಟ್ ಹಿಂದಕ್ಕೆ ಇಟ್ಟಿರುವುದು ಭಾನುವಾರ ನಂದಿ ಬೆಟ್ಟಕ್ಕೆ ಹೋಗೋಕೆ ಚೆನ್ನ, ಸೋಮವಾರದಿಂದ ಶನಿವಾರಕ್ಕಲ್ಲ.

ಸೀಟಿನ ವಿಚಾರದಲ್ಲಿ ಒಂದು ಮೋಸ ಇದೆ. ಶೋರೂಮಿನಲ್ಲಿ ಮೆತ್ತಗಿರುವ ಸೀಟು ಸುಖ ಅನ್ನಿಸುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಆ ಸ್ಪಂಜು ಒತ್ತಿ ಹೋಗಿ ಕೆಳಗಿನ ಗಟ್ಟಿ ತಳ ಸಿಗುತ್ತದೆ. ಸ್ವಲ್ಪ ಗಟ್ಟಿ, ಅಗಲ, ಚಪ್ಪಟೆ ಸೀಟೇ ದೂರಕ್ಕೆ ಬಾಳುವುದು. ಬೆರಳಿನಿಂದಲ್ಲ, ಮುಷ್ಟಿಯಿಂದ ಒತ್ತಿ ನೋಡಿ. ತಳ ತಾಗಿದರೆ ಮುಂದಿನ ಗಾಡಿ ನೋಡಿ. ಎರಡು ವರ್ಷ ಓಡಿಸಿದ ಮೇಲೆ ಸೀಟು ಕೂತುಹೋದರೆ ಕುಷನ್ ಅಂಗಡಿಯಲ್ಲಿ ಹೊಸ ಸ್ಪಂಜು ಹಾಕಿಸಿ, ಹೊಸ ಸೀಟಿಗಿಂತ ಎಷ್ಟೋ ಅಗ್ಗ.

ನಡುಗುವುದು ಇನ್ನೊಂದು ಶತ್ರು. ಕೈಬೆರಳು ಜುಮ್ಮೆನ್ನುವುದು, ಪಾದ ಮರಗಟ್ಟುವುದು ಬರುವುದು ಅದರಿಂದಲೇ. ಚಿಕ್ಕ ಎಂಜಿನ್ನನ್ನು ಅದರ ಶಕ್ತಿ ಮೀರಿ ಓಡಿಸಿದಷ್ಟೂ ನಡುಕ ಜಾಸ್ತಿ.

ಶೋರೂಂನವರು ಟೆಸ್ಟ್ ರೈಡ್ ಅಂತ ಒಂದು ಸುತ್ತು ಹಾಕಿಸ್ತಾರೆ. ಅಷ್ಟರಲ್ಲಿ ಏನು ಗೊತ್ತಾಗುತ್ತೆ?

ಏನೂ ಗೊತ್ತಾಗಲ್ಲ. ಕನಿಷ್ಠ 15 ನಿಮಿಷ ಬೇಕು, ಅದರಲ್ಲಿ ಐದು ನಿಮಿಷ 65–70ರಲ್ಲಿ ಹೋಗಬೇಕು. ಜನ ಕಮ್ಮಿ ಇರುವ ಬೆಳಿಗ್ಗೆ ಹೊತ್ತು ಹೋಗಿ ಗಟ್ಟಿಯಾಗಿ ಕೇಳಿ. ಕೊಡಲ್ಲ ಅಂದರೆ ಅದೇ ಗಾಡಿ ಇಟ್ಟಿರುವ ಸ್ನೇಹಿತನ ಹತ್ತಿರ ಒಂದು ದಿನಕ್ಕೆ ಕೇಳಿ. ಟ್ಯಾಂಕ್ ಫುಲ್ ಮಾಡಿಸಿ ವಾಪಸ್ ಕೊಟ್ಟರೆ ಯಾರೂ ಇಲ್ಲ ಅನ್ನಲ್ಲ.

ಓಡಿಸುವಾಗ ಕನ್ನಡಿ ನೋಡಿ. ಹಿಂದೆ ಬರುವ ಲಾರಿಯ ಎರಡು ಲೈಟು ಎರಡಾಗಿಯೇ ಕಾಣಬೇಕು. ಕಲಸಿಹೋಗಿ ಒಂದೇ ಬೆಳಕಿನ ಉಂಡೆ ಆಗಿದ್ದರೆ, ಕನ್ನಡಿಯಷ್ಟೇ ಅಲ್ಲ ನಿಮ್ಮ ಮಣಿಕಟ್ಟೂ ಹಾಗೇ ನಡುಗುತ್ತಿದೆ ಅಂತ ಅರ್ಥ. ಆಮೇಲೆ ಒಂದು ಕೆಟ್ಟ ಹಂಪಿನ ಮೇಲೆ ಎಂದಿನ ವೇಗದಲ್ಲೇ ಹೋಗಿ. ಸೊಂಟಕ್ಕೆ ಹೊಡೆದರೆ ಅಲ್ಲೇ ಗೊತ್ತಾಗುತ್ತದೆ. ಪ್ರತಿದಿನ ಲ್ಯಾಪ್‌ಟಾಪ್ ಬ್ಯಾಗೋ ಊಟದ ಡಬ್ಬಿಯೋ ಹೊರುತ್ತೀರಾದರೆ ಅವತ್ತೂ ಹೊತ್ತುಕೊಂಡೇ ಹೋಗಿ.

ಎಬಿಎಸ್ ಬೇಕೇ ಬೇಕಾ?

ಹೈವೇ ಅಂದರೆ ಬೇಕು. ಇದರಲ್ಲಿ ನಾನು ಚೌಕಾಸಿ ಮಾಡಲ್ಲ.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯ ಆಯಿತು. 125 ಮತ್ತು ಅದಕ್ಕಿಂತ ಚಿಕ್ಕದಕ್ಕೆ ಸಿಬಿಎಸ್ ಇದ್ದರೂ ಆಗುತ್ತದೆ ಅಂತ ಮಾಡಿದರು. ಎರಡೂ ಒಂದೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಚಕ್ರ ಲಾಕ್ ಆಗುವುದನ್ನು ಅದು ತಡೆಯಲ್ಲ. ಎಬಿಎಸ್‌ನಲ್ಲಿ ಚಕ್ರ ನಿಂತುಹೋಗುವ ಹೊತ್ತಿಗೆ ಸೆನ್ಸರ್ ಅದನ್ನು ಹಿಡಿದು, ಬ್ರೇಕನ್ನು ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡುತ್ತದೆ. ಮೊದಲ ಮಳೆಯಲ್ಲಿ ಡೀಸೆಲ್ ಚೆಲ್ಲಿದ ರಸ್ತೆ ಮೇಲೆ ನಾಯಿ ಅಡ್ಡ ಬಂದರೆ ಎರಡಕ್ಕೂ ಏನು ವ್ಯತ್ಯಾಸ ಅಂತ ತಿಳಿಯುತ್ತದೆ.

125ರಲ್ಲೇ ನಿಲ್ಲಬೇಕು, ಎಬಿಎಸ್ಸೂ ಬೇಕು ಅನ್ನುವವರಿಗೆ 2024ರಲ್ಲಿ ಬಂದ ಹೀರೊ ಎಕ್ಸ್‌ಟ್ರೀಮ್ 125ಆರ್‌ನಲ್ಲಿ ಅಂಥ ಮಾದರಿ ಇದೆ. ಕೇಳುವಾಗ ಯಾವ ಮಾದರಿಗೆ ಎಬಿಎಸ್, ಯಾವುದಕ್ಕೆ ಸಿಬಿಎಸ್ ಅಂತ ಬಿಡಿಸಿ ಕೇಳಿ, ಹೆಸರು ಒಂದೇ ಇರುತ್ತದೆ.

ನಾನು 5 ಅಡಿ 2 ಇಂಚು. ಕಾಲು ನಿಲುಕುತ್ತಾ?

ನಿಲುಕುತ್ತದೆ, ಹೆದರಬೇಡಿ. ಸೀಟಿನ ಎತ್ತರ ಟಿವಿಎಸ್ ರೈಡರ್‌ಗೆ 780 ಮಿ.ಮೀ., ಸ್ಪ್ಲೆಂಡರ್‌ಗೆ 785, ಹೋಂಡಾ ಯುನಿಕಾರ್ನ್‌ಗೆ 798. ಆದರೆ ಅಂಕಿಯನ್ನೇ ನಂಬಬೇಡಿ. ಸೀಟಿನ ಮುಂಭಾಗ ಅಗಲ ಇದ್ದರೆ ತಗ್ಗಿನ ಗಾಡಿಯಲ್ಲೂ ಕಾಲು ನೆಲಕ್ಕೆ ತಾಗಲ್ಲ, ಕಿರಿದಾಗಿದ್ದರೆ ಎತ್ತರದ್ದರಲ್ಲೂ ತಾಗುತ್ತದೆ. ನೀವು ದಿನಾ ಹಾಕುವ ಶೂ ಹಾಕಿಕೊಂಡೇ ಕೂತು ನೋಡಿ. ನಿಂತ ಗಾಡಿಯನ್ನು ಹಿಂದಕ್ಕೆ ತಳ್ಳಿಯೂ ನೋಡಿ. ಕಂಪನಿ ಪಾರ್ಕಿಂಗಿನಲ್ಲಿ ದಿನಾ ಮಾಡುವ ಕೆಲಸ ಅದು.

ಬುಲೆಟ್ ತಗೊಳ್ಳೋ ಆಸೆ ಇದೆ. ದಿನಾ ಓಡಿಸಬಹುದಾ?

ಓಡಿಸಬಹುದು. ಆಸೆಗೆ ಬೆಲೆ ಇದೆ, ಅದನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಬಾರದು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹೈವೇಯಲ್ಲಿ 80ಕ್ಕೆ ಮೈಮರೆಸುವ ಹಾಗೆ ಹೋಗುತ್ತದೆ, ಬಸ್ಸು ಪಕ್ಕದಲ್ಲಿ ಹಾದರೂ ಅಲುಗಾಡಲ್ಲ. ತೊಂದರೆ ಇರುವುದು ಗೊರಗುಂಟೆಪಾಳ್ಯದ ಹತ್ತಿರ. 195 ಕಿಲೋ ಗಾಡಿಯನ್ನು ಅರ್ಧ ಕ್ಲಚ್ಚಿನಲ್ಲಿ ಅಂಗುಲ ಅಂಗುಲ ನಡೆಸಿದರೆ ಎಡಗೈ ಸೋತುಹೋಗುತ್ತದೆ, ಬಲಗಾಲಿಗೆ ಎಂಜಿನ್ ಬಿಸಿ. ಹಂಟರ್ 350 ಸ್ವಲ್ಪ ಹಗುರ, 181 ಕಿಲೋ. ದಾರಿಯಲ್ಲಿ ಮುಕ್ಕಾಲು ಪಾಲು ಖಾಲಿ ರಸ್ತೆ ಇದ್ದರೆ ತಗೊಳ್ಳಿ. ಮುಕ್ಕಾಲು ಪಾಲು ಸಿಗ್ನಲ್ ಇದ್ದರೆ ಭಾನುವಾರಕ್ಕೆ ಮಾತ್ರ.

ಸ್ಕೂಟರ್ ಆದ್ರೆ ಗೇರ್ ತಲೆನೋವೇ ಇಲ್ವಲ್ಲ?

ನಗರದೊಳಗೆ 30 ಕಿ.ಮೀ. ಆದರೆ ಕಣ್ಣು ಮುಚ್ಚಿ ಸ್ಕೂಟರ್ ತಗೊಳ್ಳಿ. ಹೈವೇಗೆ ನನ್ನ ಮತ ಇಲ್ಲ. ಚಕ್ರ ಚಿಕ್ಕದು, 10 ಇಲ್ಲವೇ 12 ಇಂಚು. ಬೈಕಿನದು 17–18. ಬೈಕು ಹಾರಿ ದಾಟುವ ಗುಂಡಿಯಲ್ಲಿ ಸ್ಕೂಟರಿನ ಚಕ್ರ ಇಳಿದು ಏಳುತ್ತದೆ.

ಎಲೆಕ್ಟ್ರಿಕ್ ತಗೊಂಡ್ರೆ ಪೆಟ್ರೋಲ್ ಖರ್ಚೇ ಉಳಿಯುತ್ತಲ್ವಾ?

ಉಳಿಯುತ್ತದೆ, ಅದೂ ತುಂಬಾ. ದಿನಾ ದೂರ ಓಡಿಸುವವರಿಗೇ ಲಾಭ ಜಾಸ್ತಿ. ಏಥರ್, ಅಲ್ಟ್ರಾವಯೊಲೆಟ್, ಓಬೆನ್ ಎಲ್ಲಾ ಬೆಂಗಳೂರಿನಲ್ಲೇ ನೆಲೆ ಇರುವ ಕಂಪನಿಗಳು. ನಮ್ಮ ಕಡೆ ನೋಡೋಕೆ, ಓಡಿಸಿ ನೋಡೋಕೆ ಸುಲಭವಾಗಿ ಸಿಗುತ್ತವೆ.

ತಗೊಳ್ಳುವ ಮೊದಲು ಮನೆ ನೋಡಿ. ಎರಡನೇ ಮಹಡಿಯ ಬಾಡಿಗೆ ಮನೆ, ಗಾಡಿ ನಿಲ್ಲಿಸುವುದು ರಸ್ತೆಯಲ್ಲಿ ಅಂದರೆ ಚಾರ್ಜ್ ಎಲ್ಲಿ ಮಾಡುತ್ತೀರಿ? ಓನರ್ ಒಪ್ಪುತ್ತಾರಾ? ಕೆಲಸದ ಜಾಗದಲ್ಲಿ ಪ್ಲಗ್ ಕೊಡುತ್ತಾರಾ? ಇದಕ್ಕೆಲ್ಲ ಹೌದು ಅನ್ನುವಂತಿದ್ದರೆ ಮುಂದಕ್ಕೆ ಹೋಗಿ.

ಆಮೇಲೆ ರೇಂಜು. ಪೇಪರಿನಲ್ಲಿ 150 ಅಂತ ಬರೆದದ್ದು ನಿಧಾನವಾಗಿ ಹೋದಾಗಿನ ಮಾತು. ವೇಗ ಹೆಚ್ಚಿದ ಹಾಗೆ ಗಾಳಿ ತಡೆಯುವ ಬಲ ವೇಗದ ವರ್ಗದಷ್ಟು ಏರುತ್ತದೆ, ಬ್ಯಾಟರಿ ಸುರಿದ ಹಾಗೆ ಖಾಲಿ. ದಿನಕ್ಕೆ 80 ಕಿ.ಮೀ. ಬೇಕಾದವರು ನಿಜವಾಗಿ 120 ಓಡುವ ಗಾಡಿ ನೋಡಬೇಕು. ಯಾಕೆಂದರೆ ಬ್ಯಾಟರಿ ವರ್ಷ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಕುಂದುತ್ತದೆ, ಮಧ್ಯೆ ಒಂದು ದಿನ ಕರೆಂಟ್ ಹೋಗುತ್ತದೆ, ಇನ್ನೊಂದು ದಿನ ಮಾವನ ಮನೆಗೂ ಹೋಗಬೇಕಾಗುತ್ತದೆ.

ಸಿಎನ್‌ಜಿ ಬೈಕ್ ಬಂದಿದೆಯಂತಲ್ಲ?

ಬಜಾಜ್ ಫ್ರೀಡಂ 125. 2024ರ ಜುಲೈನಲ್ಲಿ ಬಂತು. ಸೀಟಿನ ಕೆಳಗೆ 2 ಕಿಲೋ ಗ್ಯಾಸ್ ಹಿಡಿಯುವ ಸಿಲಿಂಡರು, ಮೇಲೆ 2 ಲೀಟರ್ ಪೆಟ್ರೋಲ್. ಕಂಪನಿ ಲೆಕ್ಕದಲ್ಲಿ ಎರಡೂ ಸೇರಿ 330 ಕಿ.ಮೀ. ನನ್ನಂಥ ಓಟದವನಿಗೆ ಎರಡು ದಿನಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು. ಬಂಕ್ ದಾರಿಯಲ್ಲೇ ಇದ್ದು, ಆಟೋಗಳ ಸಾಲು ಉದ್ದ ಇಲ್ಲದಿದ್ದರೆ ಇದು ಬಹಳ ಅಗ್ಗದ ಗಾಡಿ. ಬಂಕಿಗೆ ಅಂತಲೇ ಐದು ಕಿ.ಮೀ. ಸುತ್ತಿ, ಅರ್ಧ ಗಂಟೆ ಕಾಯಬೇಕು ಅಂದರೆ ಮೂರನೇ ವಾರಕ್ಕೆ ಪೆಟ್ರೋಲಿನಲ್ಲೇ ಓಡಿಸುತ್ತಿರುತ್ತೀರಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು ಅನ್ನುವುದೂ ನೆನಪಿರಲಿ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ?

ತಗೊಳ್ಳಿ, ನಾಲ್ಕು ವರ್ಷದೊಳಗಿನದು ಮತ್ತು ಈಗಲೂ ತಯಾರಾಗುತ್ತಿರುವ ಮಾದರಿ ಆಗಿದ್ದರೆ. ನಮ್ಮ ಸೋದರಮಾವನ ಹತ್ತಿರ ಒಂದು ಯೆಜ್ಡಿ ಇದೆ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಮಾವ ಇವತ್ತಿಗೂ ಸ್ಪೇರ್ ಪಾರ್ಟ್ ಹುಡುಕಿಕೊಂಡು ಊರೂರು ಸುತ್ತುತ್ತಾರೆ. ಅವರಿಗೆ ಅದೇ ಖುಷಿ. ಸೋಮವಾರ ಎಂಟು ಗಂಟೆಗೆ ಪಂಚ್ ಮಾಡಬೇಕಾದವನಿಗೆ ಆ ಖುಷಿ ಬೇಡ.

ಮೀಟರ್ ನಂಬಬೇಡಿ. ಗೇರ್ ಲಿವರಿನ ರಬ್ಬರ್, ಫುಟ್‌ರೆಸ್ಟ್ ರಬ್ಬರ್, ಬ್ರೇಕ್ ಪೆಡಲಿನ ಸವೆತ ನೋಡಿ. ಮೀಟರಿನಲ್ಲಿ 18,000 ಇದ್ದು ಪೆಡಲ್ ಕನ್ನಡಿ ಹಾಗೆ ಹೊಳೆಯುತ್ತಿದ್ದರೆ ಯಾರೋ ಕೈಯಾಡಿಸಿದ್ದಾರೆ. ತಣ್ಣಗಿರುವ ಎಂಜಿನ್ನನ್ನು ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಿ. ಆರ್‌ಸಿ, ಸಾಲದ ಎನ್‌ಒಸಿ, ಬಾಕಿ ಟ್ರಾಫಿಕ್ ದಂಡ ಮೂರನ್ನೂ ದುಡ್ಡು ಕೊಡುವ ಮೊದಲೇ ನೋಡಿ.

ಐದು ವರ್ಷ ವಾರಂಟಿ ಅಂತಾರೆ. ನಿಶ್ಚಿಂತೆ ಅಲ್ವಾ?

ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಿಲೋಮೀಟರ್ ಇರುತ್ತದೆ ನೋಡಿ. ಹೀರೊ ಕೊಡುವುದು ಐದು ವರ್ಷ ಇಲ್ಲವೇ 70,000 ಕಿ.ಮೀ., ಯಾವುದು ಮೊದಲೋ ಅದು. ವರ್ಷಕ್ಕೆ 24,000 ಓಡಿಸುವವನಿಗೆ ಅದು ಮೂರು ವರ್ಷವೂ ಬರಲ್ಲ. ಫ್ರೀ ಸರ್ವಿಸ್ ಕೂಡ ಹಾಗೇ, ಬೇರೆಯವರಿಗೆ ವರ್ಷಗಟ್ಟಲೆ ಬರುವುದು ನಮಗೆ ತಿಂಗಳುಗಳಲ್ಲಿ ಮುಗಿಯುತ್ತದೆ.

ಹಾಗಾಗಿ ನಮ್ಮಂಥವರಿಗೆ ಮೊದಲ ದಿನದಿಂದಲೇ ಒಬ್ಬ ಒಳ್ಳೆ ಮೆಕ್ಯಾನಿಕ್ ಬೇಕು. ಮನೆ ಹತ್ತಿರದ ಮೆಕ್ಯಾನಿಕ್ ಅಂಗಡಿ ಮುಂದೆ ಯಾವ ಗಾಡಿಗಳು ಜಾಸ್ತಿ ನಿಂತಿವೆ ನೋಡಿ. ಆ ಗಾಡಿಗಳ ಕ್ಲಚ್ ಕೇಬಲ್ಲು, ಬ್ರೇಕ್ ಶೂ ಅವನ ಡಬ್ಬದಲ್ಲಿ ಯಾವಾಗಲೂ ಇರುತ್ತದೆ. ಎಷ್ಟೇ ಚಂದದ ಬೈಕಾದರೂ ಒಂದು ಲಿವರಿಗೆ ಹತ್ತು ದಿನ ಕಾಯಬೇಕು ಅಂದರೆ ಆ ಹತ್ತು ದಿನ ನೀವು ಬಸ್ಸಿನಲ್ಲಿ ನಿಂತಿರುತ್ತೀರಿ.

ಮಾರುವಾಗಿನ ಬೆಲೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ವರ್ಷಕ್ಕೆ 72,000 ಓಡಿದ ಗಾಡಿಗೆ ಯಾರೂ ಒಳ್ಳೆ ಬೆಲೆ ಕೊಡಲ್ಲ. ಸವೆಯುವ ತನಕ ಓಡಿಸಿ.

ಸರ್ವಿಸ್ ಮಾಡಿಸಿದ್ರೂ ಚೈನ್ ಯಾಕೆ ಸದ್ದು ಮಾಡುತ್ತೆ?

ಇದಕ್ಕೆ ನನ್ನದೇ ಕಥೆ ಹೇಳುತ್ತೇನೆ. ಸರ್ವಿಸ್ ಆಗಿ ಒಂಬತ್ತು ದಿನ ಆಗಿತ್ತು. ಬಿಲ್ಲಿನಲ್ಲಿ ಚೈನ್ ಕ್ಲೀನಿಂಗ್, ಅಡ್ಜಸ್ಟ್‌ಮೆಂಟ್ ಅಂತ ದುಡ್ಡು ಹಾಕಿದ್ದರು. ಮಾಕಳಿ ಹತ್ತಿರ ಸಂಜೆ ಮಳೆಯಲ್ಲಿ ಬರುತ್ತಿದ್ದೆ. ಕೆಳಗೆ ಟಪ್ ಅಂತ ಸದ್ದು, ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ನಿಧಾನ ಆಗ್ತಾ ಇದೆ. ಚೈನು ಸ್ಪ್ರಾಕೆಟ್‌ನಿಂದ ಇಳಿದಿತ್ತು. ಚಕ್ರಕ್ಕೆ ಸಿಕ್ಕಿಕೊಂಡು ಲಾಕ್ ಆಗಲಿಲ್ಲ, ಪುಣ್ಯ.

ಅರ್ಧ ಕಿ.ಮೀ. ತಳ್ಳಿಕೊಂಡು ಹೋದೆ. ಪಂಕ್ಚರ್ ಅಂಗಡಿಯ ಅಣ್ಣ ಮೊಬೈಲ್ ಟಾರ್ಚ್ ಹಿಡಿದು ಹಿಂದಿನ ಆಕ್ಸಲ್ ನಟ್ ತೋರಿಸಿದ. ನಟ್ಟಿನ ಮೇಲೆ ಹಳೆ ಕೆಸರು ಒಣಗಿ ಕೂತಿತ್ತು. ‘ಇದನ್ನ ಆರು ತಿಂಗಳಿಂದ ಯಾರೂ ಮುಟ್ಟಿಲ್ಲ ಸಾರ್’ ಅಂದ. ಸ್ಪ್ಯಾನರ್ ಹಾಕಿ ಇಪ್ಪತ್ತು ನಿಮಿಷದಲ್ಲಿ ಸರಿಮಾಡಿದ. ಐವತ್ತು ರೂಪಾಯಿ ತಗೊಂಡ.

ಆವತ್ತಿನಿಂದ ಚೈನು ನಾನೇ ನೋಡಿಕೊಳ್ಳುತ್ತೇನೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್, ನ್ಯೂಟ್ರಲ್. ಕೆಳಗಿನ ಚೈನಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಹೆಚ್ಚುಕಡಿಮೆ ಒಂದು ಇಂಚು ಆಡಬೇಕು. ಜಾಸ್ತಿ ಆಡಿದರೆ ಸಡಿಲ, ಆಡದಿದ್ದರೆ ಬಿಗಿ. ಬಿಗಿಯೂ ಕೆಟ್ಟದ್ದೇ, ಬೇರಿಂಗ್ ತಿನ್ನುತ್ತದೆ. 500 ಕಿ.ಮೀ.ಗೊಮ್ಮೆ, ನಮ್ಮ ಲೆಕ್ಕಕ್ಕೆ ವಾರಕ್ಕೊಮ್ಮೆ, ಒರೆಸಿ ಚೈನ್ ಲ್ಯೂಬ್ ಇಲ್ಲವೇ ಗೇರ್ ಆಯಿಲ್ ಹಾಕಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ, ಅದರಲ್ಲೊಬ್ಬರಿಗೆ ಈಗ ಬೆರಳಿನ ತುದಿ ಇಲ್ಲ.

ಗಾಡಿ ಆರಿಸುವಾಗ ಇದಕ್ಕೆ ಸಂಬಂಧಪಟ್ಟ ಎರಡು ಕೇಳಿ: ಸೆಂಟರ್ ಸ್ಟ್ಯಾಂಡ್ ಇದೆಯಾ, ಚೈನ್ ಕವರ್ ಪೂರ್ತಿ ಮುಚ್ಚುತ್ತದಾ. ಈಗಿನ ಸ್ಟೈಲ್ ಬೈಕುಗಳಲ್ಲಿ ಎರಡೂ ಮಾಯ ಆಗ್ತಾ ಇವೆ. ನೋಡೋಕೆ ಚಂದ, ಧೂಳಿಗೂ ಚಂದ.

ಟೈರ್ ಬಗ್ಗೆ ಏನು ನೋಡಬೇಕು?

ಟ್ಯೂಬ್‌ಲೆಸ್ ಇರುವುದನ್ನೇ ತಗೊಳ್ಳಿ. ಮೊಳೆ ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಮನೆ ಸೇರಬಹುದು. ಟ್ಯೂಬ್ ಟೈರು ರಾತ್ರಿ ಒಂಬತ್ತಕ್ಕೆ ಕೈಕೊಟ್ಟರೆ ಚಕ್ರ ಬಿಚ್ಚುವವನನ್ನು ಹುಡುಕಬೇಕು. ಗಾಳಿ ವಾರಕ್ಕೊಮ್ಮೆ, ತಣ್ಣಗಿರುವಾಗ ನೋಡಿಸಿ. ಹೆಚ್ಚಿನ ಗಾಡಿಗೆ ಮುಂದೆ 25, ಹಿಂದೆ 29ರ ಸುತ್ತ ಇರುತ್ತದೆ. ನಿಮ್ಮದಕ್ಕೆ ಎಷ್ಟು ಅಂತ ಚೈನ್ ಕವರಿನ ಮೇಲೋ ಪುಸ್ತಕದಲ್ಲೋ ಇದೆ. ಹೊಸ ಟೈರ್ ಹಾಕಿಸುವಾಗ ಪಕ್ಕದಲ್ಲಿ ನಾಲ್ಕು ಅಂಕಿ ಓದಿ: 2324 ಅಂದರೆ 2024ರ 23ನೇ ವಾರದಲ್ಲಿ ಮಾಡಿದ್ದು. ಅಂಗಡಿಯಲ್ಲೇ ಮೂರು ವರ್ಷ ಕೂತ ಟೈರ್ ನಿಮಗೆ ಬೇಡ.

ಹೈವೇಯಲ್ಲಿ ಬೈಕ್ ಬಿಡ್ತಾರಾ? ಟೋಲ್ ಕಟ್ಟಬೇಕಾ?

ತುಮಕೂರು ರಸ್ತೆಯಲ್ಲಿ ಬಿಡುತ್ತಾರೆ. ಹೆದ್ದಾರಿ ಟೋಲಿನಲ್ಲಿ ಬೈಕಿಗೆ ದುಡ್ಡಿಲ್ಲ, ಎಡತುದಿಯ ಸಂದಿಯಲ್ಲಿ ನುಗ್ಗಿ ಹೋಗುವುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬೇರೆ ಮಾತು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವ ಹಾಗಿಲ್ಲ. ರಾಮನಗರ, ಬಿಡದಿ ಕಡೆಯವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ 160 ಸಿಸಿ ತಗೊಂಡು ಏನು ಮಾಡುತ್ತೀರಿ? ನಿಮ್ಮ ದಾರಿ ಇದಾದರೆ 125 ಧಾರಾಳ.

149 ಸಿಸಿ, 160 ಸಿಸಿ ಎರಡಕ್ಕೂ ಏನು ದೊಡ್ಡ ವ್ಯತ್ಯಾಸ?

ರಸ್ತೆ ಮೇಲೆ ಅಷ್ಟೇನಿಲ್ಲ, ಇನ್ಶೂರೆನ್ಸ್‌ನಲ್ಲಿ ಇದೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 75ರಿಂದ 150 ಸಿಸಿವರೆಗೆ 3,851 ರೂಪಾಯಿ, 150 ಮೀರಿ 350 ಸಿಸಿವರೆಗೆ 7,365. 149 ಸಿಸಿಯ ಯಮಹಾ ಎಫ್‌ಜಡ್ ಈಚೆ, 162.7 ಸಿಸಿಯ ಯುನಿಕಾರ್ನ್ ಆಚೆ. ಜಿಎಸ್‌ಟಿಯಲ್ಲಿ ಮಾತ್ರ ಎರಡೂ ಒಂದೇ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಎಲ್ಲಕ್ಕೂ ಶೇ 28 ಇದ್ದದ್ದು 18ಕ್ಕೆ ಇಳಿಯಿತು.

ಆನ್‌ರೋಡ್ ಬೆಲೆ ಹೇಳುವಾಗ ಒಂದೊಂದು ಸಾಲನ್ನೂ ಬರೆಸಿಕೊಳ್ಳಿ. ‘ಹ್ಯಾಂಡ್ಲಿಂಗ್’ ಅಂತ ಒಂದು ಸಾಲು ಬಂದರೆ ಅದು ಏನು ಅಂತ ಕೇಳಿ ಸುಮ್ಮನೆ ಕೂತಿರಿ. ಬಹಳ ಸಲ ತಾನಾಗೇ ಹೋಗುತ್ತದೆ.

ಮಳೆ, ಮಂಜಿಗೆ ಏನು ಮಾಡ್ತೀರಿ?

ಡಿಸೆಂಬರ್ ಬೆಳಿಗ್ಗೆ ಆರಕ್ಕೆ ದಾಬಸ್‌ಪೇಟೆಯಲ್ಲಿ ಶಿವಗಂಗೆ ಬೆಟ್ಟ ಇರುವ ಕಡೆ ಬರೀ ಬಿಳಿ. ಹೆಲ್ಮೆಟ್ಟಿನ ಗಾಜಿನೊಳಗೆ ಉಸಿರೇ ಮಂಜಾಗಿ ಕೂರುತ್ತದೆ. ಗಾಜನ್ನು ಬೆರಳಗಲ ತೆಗೆದುಕೊಂಡು ಹೋಗಬೇಕು. ಐಎಸ್‌ಐ ಗುರುತಿರುವ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟನ್ನೇ ತಗೊಳ್ಳಿ, ಬಿಳಿಯದೋ ಹಳದಿಯದೋ ಆದರೆ ಲಾರಿಯವರಿಗೆ ಕಾಣುತ್ತೀರಿ. ಕಪ್ಪು ಗಾಜು ಬೇಡ, ವಾಪಸ್ ಬರುವಾಗ ಕತ್ತಲಾಗಿರುತ್ತದೆ. ಮಳೆಗೆ ಪ್ಯಾಂಟೂ ಇರುವ ರೇನ್‌ಕೋಟು. ಶೂ ಒಳಗೆ ನೀರು ಹೋಗೇ ಹೋಗುತ್ತದೆ, ಒಂದು ಜೊತೆ ಸಾಕ್ಸ್ ಡಬ್ಬಿಯ ಬ್ಯಾಗಿನಲ್ಲೇ ಇರಲಿ.

ಪೂರ್ತಿ ದೂರ ಬೈಕಲ್ಲೇ ಹೋಗಬೇಕಾ?

ಒಳ್ಳೆ ಪ್ರಶ್ನೆ, ಯಾರೂ ಕೇಳಲ್ಲ. 2024ರ ನವೆಂಬರ್‌ನಿಂದ ಹಸಿರು ಮೆಟ್ರೋ ಮಾದಾವರದ ತನಕ ಬಂದಿದೆ. ಕೆಲಸ ಮೆಜೆಸ್ಟಿಕ್, ಜಯನಗರ, ಬನಶಂಕರಿ ಕಡೆ ಅಂದರೆ ಮಾದಾವರದಲ್ಲೇ ಗಾಡಿ ಬಿಟ್ಟು ಹತ್ತಿಬಿಡಿ. ನೆಲಮಂಗಲದವರಿಗೆ ಆಗ ದಿನದ ಓಟ 25 ಕಿ.ಮೀ. ಒಳಗೇ ಬರುತ್ತದೆ. ಮೇಲೆ ಬರೆದದ್ದರಲ್ಲಿ ಅರ್ಧ ಮರೆತುಬಿಡಬಹುದು, ಯಾವ 100 ಸಿಸಿ ಗಾಡಿಯಾದರೂ ನಡೆಯುತ್ತದೆ.

ಕೊನೆಗೆ ನೀವು ಯಾವುದು ತಗೊಂಡ್ರಿ?

ಯುನಿಕಾರ್ನ್. ಬೂದು ಬಣ್ಣದ್ದು, 13 ಲೀಟರ್ ಟ್ಯಾಂಕು, ಎಂದೂ ಯಾರೂ ತಿರುಗಿ ನೋಡದ ಗಾಡಿ. ಮಗಳು ‘ಅಂಕಲ್ ಬೈಕು’ ಅಂತಾಳೆ. ಮೀಟರಿನಲ್ಲಿ ಈಗ 61,000 ಇದೆ. ಎರಡು ಸಲ ಚೈನ್ ಸೆಟ್, ಎರಡು ಸಲ ಹಿಂದಿನ ಟೈರು, ಒಂದು ಸಲ ಸೀಟಿನ ಸ್ಪಂಜು ಬದಲಾಗಿದೆ. ಮುಂದಿನ ತಿಂಗಳು ಕ್ಲಚ್ ಪ್ಲೇಟ್ ಹಾಕಿಸಬೇಕು.